ಸುಮ್ಮನೆ ಮಾಡಿದ ಕರೆ

ಹೊಳೆಯ ನಡುಗಡ್ಡೆಯಾದ ಕುದ್ರುವಿನವರೂ ದಡದವರೂ ಸೇರಿ ತಮ್ಮದೇ ಇಂಟರ್ನೆಟ್ ಫೋನು ಹಾಕಿಕೊಂಡಿದ್ದರು. ಮನೆಯಿಂದ ಮನೆಗೆ ಕರೆ ದಾಟಿಸುವ ಪೆಟ್ಟಿಗೆಗೆ ತನ್ನ ಕೆಲಸದ ಮೇಲೆ ಬಹಳ ಹೆಮ್ಮೆ. ದೋಣಿ ಹೊರಟಿತೇ, ನರ್ಸಮ್ಮ ಬಂದರೇ, ನೀರು ಏರುತ್ತಿದೆಯೇ ಎಂದು ಕೇಳುವ ಕರೆಗಳೆಂದರೆ ಅದಕ್ಕೆ ಇಷ್ಟ. ಕುದ್ರುವಿನ ಅಕ್ಕಣಿಯ ಮನೆಯ ಫೋನನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ.

“ದಿನಾ ಬೆಳಿಗ್ಗೆ ದಡದ ಜುಲಿಯಾನ ಬಾಯಿ ಎಂಬವರ ಮನೆಗೆ ಒಂದು ಕರೆ ತರುತ್ತೀ. ಅವರು ‘ಎಂತ ವಿಷಯ’ ಎಂದರೆ ನಿನ್ನ ಅಕ್ಕಣಿ ‘ಎಂತ ಇಲ್ಲ, ಸುಮ್ಮನೆ ಮಾಡಿದ್ದು’ ಎನ್ನುತ್ತಾಳೆ. ವಿಷಯವೇ ಇಲ್ಲದ ಮೇಲೆ ನಾನು ಹೊರುವುದು ಏನನ್ನು?” ಎಂದು ಪೆಟ್ಟಿಗೆ ಕೇಳಿತು.

“ಅದು ನನಗೂ ತಿಳಿಯದು. ಹೊತ್ತುಬಿಡು,” ಎಂದಿತು ಫೋನು.

ಒಂದು ಬೆಳಿಗ್ಗೆ ಆ ಕರೆ ಬರಲಿಲ್ಲ. ಪೀಡೆ ಕಳೆಯಿತೆಂದುಕೊಂಡಿತು ಪೆಟ್ಟಿಗೆ. ಅಷ್ಟರಲ್ಲಿ ಜುಲಿಯಾನ ಬಾಯಿಯ ಮನೆಯಿಂದ ದೋಣಿಯವನಿಗೆ ಕರೆ ಹೋಯಿತು. “ಅಕ್ಕಣಿ ಇವತ್ತು ಸುಮ್ಮನೆ ಫೋನು ಮಾಡಲಿಲ್ಲ ಮಾರಾಯ. ಬೇಗ ಬಾ, ಹೋಗಿ ನೋಡುವ.”

ಅವರು ಹೋಗಿ ನೋಡಿದರೆ ಅಕ್ಕಣಿ ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದ್ದಳು. ಅಲ್ಲಿಂದ ಜುಲಿಯಾನ ಬಾಯಿ ಮಾಡಿದ ಕರೆಯನ್ನು ಪೆಟ್ಟಿಗೆ ಅವಸರದಿಂದ ನರ್ಸಮ್ಮನಿಗೆ ದಾಟಿಸಿತು. ಸಂಜೆ ಹೊತ್ತಿಗೆ ಅಕ್ಕಣಿ ಕಣ್ಣು ಬಿಟ್ಟು ಎರಡು ಗುಟುಕು ಗಂಜಿ ಕುಡಿದಳು.

ಮರುದಿನ ಬೆಳಿಗ್ಗೆ, ಅವಳಿಗೆ ಎಚ್ಚರವಾಗದಷ್ಟು ಮೆಲ್ಲಗೆ, ಫೋನು ಗುಣುಗುಟ್ಟಿತು. ಕರೆ ಮಾಡಿದ್ದು ಪೆಟ್ಟಿಗೆ.

“ಎಂತ ವಿಷಯ?” ಎಂದಿತು ಫೋನು.



“ಎಂತ ಇಲ್ಲ,” ಎಂದಿತು ಪೆಟ್ಟಿಗೆ. “ಸುಮ್ಮನೆ.”