ಗೋಡೆಯ ಇಲಿ, ಕುಬಸದ ಸೀರೆ

"ಅಜ್ಜಾರೇ, ಭಯವನ್ನು ಮನಸ್ಸಿನಿಂದ ಹೊರಗೆ ಹಾಕುವುದು ಹೇಗೆ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನ ಹೆಂಡತಿ ಎರಡು ತಿಂಗಳಿನಿಂದ ಹಾಸಿಗೆ ಹಿಡಿದಿದ್ದಳು. ಆಕೆಗೆ ನಿದ್ದೆಯೇ ಮದ್ದು ಎಂದು ವೈದ್ಯ ಹೇಳಿದ್ದ. ಶಿಷ್ಯ ಗಳಿಗೆಗೊಮ್ಮೆ ಹೋಗಿ ಆಕೆಯ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದ. ಬೆರಳು ತಾಗಿದಾಗಲೆಲ್ಲ ಆಕೆಗೆ ಎಚ್ಚರವಾಗುತ್ತಿತ್ತು. ಅದನ್ನೂ ಮುಚ್ಚಿಡದೆ ಹೇಳಿದ.

"ಹೋಗಬಾರದು ಅಂದುಕೊಳ್ಳುತ್ತೇನೆ. ಕಾಲು ತಾನಾಗಿ ಹೋಗುತ್ತದೆ" ಎಂದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ನೇಕಾರನಿದ್ದ. ಸಂಕಪ್ಪ ಎಂದು ಹೆಸರು. ಕಲ್ಲು ಮಣ್ಣಿನ ಮನೆ. ಗೋಡೆ ಎರಡು ಮೊಳ ದಪ್ಪ. ಪಡಸಾಲೆಯಲ್ಲಿ ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಅವನಿಗೆ ಒಬ್ಬಳೇ ಮಗಳು. ಎರಡು ಸಲ ಬಸುರಾಗಿದ್ದಳು. ಎರಡು ಸಲವೂ ಕುಬಸದ ಕಾರ್ಯ, ಅಂದರೆ ಸೀಮಂತ, ಆದ ಮೇಲೆ ಮಗು ಹೋಯಿತು. ಈಗ ಮೂರನೆಯದು. ಏಳನೆಯ ತಿಂಗಳು ಬರುತ್ತಿತ್ತು.

ಏಳನೆಯ ತಿಂಗಳಲ್ಲಿ ತವರಿನವರು ಮಗಳಿಗೆ ಹಸಿರು ಸೀರೆ ಉಡಿಸಬೇಕು, ಕುಬಸ ತೊಡಿಸಬೇಕು, ಉಡಿ ತುಂಬಬೇಕು. ಹಿಂದಿನ ಎರಡು ಸೀರೆಗಳನ್ನು ಪೇಟೆಯಿಂದ ತಂದಿದ್ದರು.

"ಈ ಸಲ ಪೇಟೆ ಸೀರಿ ಬ್ಯಾಡ. ನಾನ ನೇಯ್ತೀನಿ" ಎಂದ ಸಂಕಪ್ಪ.

ಹಸಿರು ನೂಲು ತಂದ. ಉದ್ದದ ಎಳೆಗಳನ್ನು ಮಗ್ಗಕ್ಕೆ ಏರಿಸಿ ಹಾಸು ಹೂಡಿದ. ಕಾರ್ಯಕ್ಕೆ ಇಪ್ಪತ್ತೆರಡು ದಿನ ಇತ್ತು. ಒಂದು ಸೀರೆಗೆ ಅಷ್ಟು ದಿನ ಬೇಕಿಲ್ಲ. ಎಂಟು ದಿನ ಸಾಕು.

ಮೊದಲ ದಿನ ನೇಯುವಾಗ ಒಂದು ಎಳೆ ಹರಿಯಿತು. ಎಳೆ ಹರಿಯುವುದು ಮಗ್ಗದಲ್ಲಿ ದಿನದ ಮಾತು. ಹರಿದರೆ ಗಂಟು ಹಾಕುತ್ತಾರೆ, ಮುಂದೆ ನೇಯುತ್ತಾರೆ. ಸಂಕಪ್ಪ ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದ. ಆದರೆ ಆ ದಿನ ಅವನ ಕೈ ನಿಂತಿತು. ಕುಬಸದ ಸೀರೆಯಲ್ಲಿ ಗಂಟು ಇರಬಾರದು ಎಂದು ಅವನ ಮನಸ್ಸಿಗೆ ಬಂತು. ಹಾಗೆಂದು ಯಾರೂ ಹೇಳಿದ್ದಲ್ಲ. ಶಾಸ್ತ್ರವೂ ಅಲ್ಲ. ಮನಸ್ಸಿಗೆ ಬಂತು, ಅಷ್ಟೇ. ಬಂದದ್ದು ಹೋಗಲಿಲ್ಲ. ಹರಿದ ಎಳೆಯನ್ನು ಹಾಗೆಯೇ ಬಿಟ್ಟ.

ಇನ್ನೊಂದು ಎಳೆ ಹರಿಯಬಾರದು ಎಂದು ಅವನು ಗಂಜಿ ಹಚ್ಚಿದ. ಗಂಜಿ ಕುಡಿದ ಎಳೆ ಗಟ್ಟಿ. ಹಾಸು ಹೂಡುವ ಮೊದಲೇ ಒಂದು ಸಲ ಹಚ್ಚಿ ಒಣಗಿಸಿದ್ದ. ಅದೇ ಪದ್ಧತಿ. ಈಗ ಮಗ್ಗಕ್ಕೆ ಏರಿದ ಮೇಲೆ ಮತ್ತೆ ಕುಂಚ ಹಿಡಿದ. ಸಂಜೆ ಹಚ್ಚಿದ. ಮರುದಿನ ಸಂಜೆ ಮತ್ತೆ ಹಚ್ಚಿದ.

ಮೂರನೆಯ ಬೆಳಿಗ್ಗೆ ನೋಡಿದರೆ ಏಳು ಎಳೆ ತುಂಡಾಗಿದ್ದವು. ಸವೆದು ಹರಿದದ್ದಲ್ಲ. ಹಲ್ಲಿನಿಂದ ಕಡಿದದ್ದು.

ಸಂಕಪ್ಪ ಗೋಡೆಗೆ ಕಿವಿ ಕೊಟ್ಟ. ಒಳಗೆ ಪರಪರ ಸದ್ದು. ಒಂದು ಕಡೆ ನಿಂತರೆ ಇನ್ನೊಂದು ಕಡೆ. ಮನೆಯಲ್ಲಿ ಇಲಿ ಇರುವುದು ಹೊಸತಲ್ಲ. ಆದರೆ ಅವು ಮಗ್ಗಕ್ಕೆ ಬಾಯಿ ಹಾಕಿದ್ದು ಅದೇ ಮೊದಲು.

ಅವನು ಗಾಜು ಕುಟ್ಟಿ ಮಣ್ಣಿನಲ್ಲಿ ಕಲಸಿ ಕಂಡ ತೂತನ್ನೆಲ್ಲ ಮುಚ್ಚಿದ. ಕಾಣದ ತೂತಿನಿಂದ ಇಲಿ ಬಂದವು. ಬೋನು ತಂದು ಒಣಕೊಬ್ಬರಿ ಸಿಕ್ಕಿಸಿ ಇಟ್ಟ. ಕೊಬ್ಬರಿ ಹಾಗೆಯೇ ಉಳಿಯಿತು, ಒಂಬತ್ತು ಎಳೆ ಹೋದವು. ಬೀಗರ ಮನೆಯಿಂದ ಬೆಕ್ಕು ತಂದ. ಅದು ಮಗ್ಗದ ಕುಣಿ ತಂಪಾಗಿದೆ ಎಂದು ಅಲ್ಲಿಳಿದು ಮಲಗಿತು.

ಪ್ರತಿ ಸಲ ಎಳೆ ಕಡಿದಾಗಲೂ ಅವನಿಗೆ ಮಗಳ ಹೊಟ್ಟೆ ನೆನಪಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಉಳಿದ ಎಳೆಯಾದರೂ ಗಟ್ಟಿಯಾಗಲಿ ಎಂದು ಗಂಜಿಯನ್ನು ಇನ್ನೂ ಮಂದ ಮಾಡಿಸಿದ. ಸಂಜೆ ಒಂದು ಸಲ ಹಚ್ಚುತ್ತಿದ್ದವನು ಮಧ್ಯಾಹ್ನವೂ ಹಚ್ಚತೊಡಗಿದ.

ಅವನ ಹೆಂಡತಿ ಒಲೆಯ ಮುಂದಿನಿಂದ ಏಳದಂತಾಯಿತು. "ಮನಷ್ಯಾರಿಗೆ ಕುದಿಸೋದಕ್ಕಿಂತ ನಿಮ್ಮ ಮಗ್ಗಕ್ಕ ಕುದಿಸೋದ ಹೆಚ್ಚಾತು. ಅದಕ್ಕೊಂದು ತಾಟು ಹಾಕಿ ಕರೀರಿ, ಉಣ್ಣಾಕ ಕುಂದರಲಿ" ಎಂದಳು.

ಸಂಕಪ್ಪ ನಗಲಿಲ್ಲ. ಹಾರೆ ತಂದು ಗೋಡೆಗೆ ಹಾಕಿದ. ಇಲಿಯ ಗೂಡು ಸಿಗಬೇಕು, ಬುಡ ಸಮೇತ ತೆಗೆಯಬೇಕು ಎಂದು ಅವನ ಹಟ. ಒಂದು ಕಲ್ಲು ಕಿತ್ತ. ಎರಡು ಕಿತ್ತ. ಐದನೆಯ ಕಲ್ಲು ಕಿತ್ತಾಗ ಬೀದಿಯ ಬೆಳಕು ಒಳಗೆ ಬಂತು.

ಬೀದಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವನು ಬಗ್ಗಿ ನೋಡಿದ. "ಏನಪಾ ಸಂಕಪ್ಪ, ಇಲಿಗೆ ತಲಬಾಗಿಲಾ ಇಡಸ್ತೀ ಏನು? ಹೊಸ್ತಲಾ ಪೂಜಿಗೆ ನಮ್ಮನ್ನೂ ಕರಿ" ಎಂದ.

ಆಮೇಲೆ ಸಂಕಪ್ಪ ನೇಯುವುದನ್ನೇ ಬಿಟ್ಟ. ಹಗಲೆಲ್ಲ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಸದ್ದು ಇದ್ದರೆ ಒಂದು ಚಿಂತೆ, ಇಲ್ಲದಿದ್ದರೆ ಇನ್ನೊಂದು. ಕಾರ್ಯಕ್ಕೆ ಹತ್ತು ದಿನ ಉಳಿಯಿತು. ಸೀರೆ ಇನ್ನೂ ಒಂದು ಮೊಳ ದಾಟಿರಲಿಲ್ಲ. ಕುಂಚ ಮಾತ್ರ ಹೊತ್ತಿಗೆ ಸರಿಯಾಗಿ ಏಳುತ್ತಿತ್ತು.

ಆ ಓಣಿಯಲ್ಲಿ ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತಿ ಕೊಡುವ ಒಬ್ಬ ಮುದುಕಿ ಇದ್ದಳು. ಅವತ್ತು ಸುತ್ತಿದ ಕಂಡಿಕೆ ಬುಟ್ಟಿಯಲ್ಲಿ ತುಂಬಿಕೊಂಡು ಬಂದಳು. ಹಿಂದೆ ಕೊಟ್ಟದ್ದೇ ಹಾಗೆ ಬಿದ್ದಿತ್ತು. ಅವಳು ಮಗ್ಗದ ಹತ್ತಿರ ಕೂತು ಕಡಿದು ಬಿದ್ದ ಒಂದು ಎಳೆ ಎತ್ತಿಕೊಂಡಳು. ಬೆರಳಲ್ಲಿ ಉಜ್ಜಿದಳು. ನಾಲಗೆಗೆ ಹಚ್ಚಿ ನೋಡಿದಳು.

"ಸಂಕಪ್ಪ, ಇದು ಎಳಿಯೋ ಅಂಬಲಿಯೋ?"

"ಹರೀಬಾರದಂತ ಹಚ್ಚೀನಬೇ."

"ನೀ ಹಚ್ಚಿದ್ದೂ ಇದನ್ನ. ಅವು ಉಣ್ಣಾಕ ಬಂದದ್ದೂ ಇದನ್ನ. ನೂಲಿನಾಗ ಇಲಿಗೆ ಏನ ರುಚಿ ಐತಿ? ದಿನಾ ಹೊತ್ತಿಗೆ ಸರಿಯಾಗಿ ನೀನ ಬಡಸೀದಿ. ಉಂಡ ಹೋಗ್ಯಾವ."

ಸಂಕಪ್ಪ ಬಹಳ ಹೊತ್ತು ಎಳೆಗಳನ್ನು ನೋಡಿದ. "ಹಚ್ಚಲಿಲ್ಲ ಅಂದ್ರ ಹರೀತದಲ್ಲಬೇ" ಎಂದ.

"ಹರದ್ರ ಗಂಟ ಹಾಕು. ನಿನಗ ಬರೂದಿಲ್ಲೇನು?"

ಗಂಟಿನ ಸೀರೆ ಉಟ್ಟರೆ ಮಗಳ ಈ ಮಗುವೂ ಹೋದೀತು ಎಂದು, ಯಾರಿಗೂ ಹೇಳದ ಮಾತನ್ನು ಆಗ ಅವನು ಅವಳಿಗೆ ಹೇಳಿದ. ಮುದುಕಿ ಮಡಿಲಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು.

"ನನ್ನ ಕುಬಸದ ಸೀರಿ ನಿಮ್ಮಪ್ಪನ ನೇಯ್ದಿದ್ದ. ಹನ್ನೊಂದ ಗಂಟ ಇದ್ದವು. ಸುಮ್ಮ ಕೂತಾಗ ಎಣಿಸ್ತಿದ್ದೆ. ಐದ ಹಡದೆ. ಮೂರ ಉಳದ್ವು. ಉಳದದ್ದೂ ಸೀರಿ ನೋಡಿ ಉಳೀಲಿಲ್ಲ, ಹೋದದ್ದೂ ಸೀರಿನ್ನ ಕೇಳಿ ಹೋಗಲಿಲ್ಲ ತಮ್ಮಾ."

ಅಷ್ಟು ಹೇಳಿ ಮುದುಕಿ ಎದ್ದು ಹೋದಳು.

ಸಂಕಪ್ಪ ಒಣಬಟ್ಟೆ ತೆಗೆದುಕೊಂಡು ಹಾಸಿನ ಮೇಲೆ ಗಟ್ಟಿಯಾಗಿ ಕೂತಿದ್ದ ಗಂಜಿಯನ್ನು ಉಜ್ಜಿ ಉದುರಿಸಿದ. ಅದಕ್ಕೆ ಒಂದು ದಿನ ಹಿಡಿಯಿತು. ಗೋಡೆಯ ಕಲ್ಲು ಮತ್ತೆ ಕೂರಿಸಿ ಮಣ್ಣು ಮೆತ್ತಿದ. ಹರಿದ, ಕಡಿದ ಎಳೆಗಳಿಗೆಲ್ಲ ಗಂಟು ಹಾಕಿದ. ಪ್ರತಿ ಗಂಟಿಗೂ ಮಗಳ ಹೊಟ್ಟೆ ನೆನಪಾಯಿತು. ಆದರೂ ಹಾಕಿದ.

ಇದ್ಯಾವುದೂ ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಸಂಜೆ. ಗಂಜಿ ಹಚ್ಚುವ ಹೊತ್ತಿಗೆ ಅವನ ಕೈ ತಾನಾಗಿ ಕುಂಚದ ಕಡೆ ಹೋಯಿತು. ಹಿಂದಕ್ಕೆ ತಂದ. ಮತ್ತೆ ಹೋಯಿತು. ಇವತ್ತೊಂದು ದಿನ, ತೆಳ್ಳಗೆ, ಅಂಚಿಗಷ್ಟೇ, ಎಂದು ಮನಸ್ಸು ಕೇಳಿಕೊಂಡಿತು. ಅವನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಗೋಡೆಯಲ್ಲಿ ಪರಪರ ಸದ್ದು ಇತ್ತು. ಇರಲಿ ಎಂದ.

ಮರುದಿನ ಬೆಳಿಗ್ಗೆ ನಾಲ್ಕು ಎಳೆ ಹೋಗಿದ್ದವು. ಅದರ ಮರುದಿನ ಒಂದು. ಆಮೇಲೆ ಯಾವುದೂ ಇಲ್ಲ. ಇಲಿಗಳು ಯಾವಾಗ ಹೋದವು, ಎತ್ತ ಹೋದವು, ಅವನು ನೋಡಲಿಲ್ಲ. ನೇಯುತ್ತಿದ್ದ. ಒಂದು ದಿನ ಲಾಳಿ ನಿಲ್ಲಿಸಿ ಕಿವಿ ಕೊಟ್ಟ. ಗೋಡೆ ಬರೀ ಗೋಡೆಯಾಗಿತ್ತು.

ನೇಯುವಾಗಲೂ ಎಳೆ ಹರಿದವು. ಗಂಟು ಹಾಕಿದ, ಮುಂದೆ ನೇಯ್ದ. ಕಾರ್ಯದ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು. ಮಗಳು ಅದನ್ನು ಉಟ್ಟಳು. ಮುತ್ತೈದೆಯರು ಉಡಿ ತುಂಬಿದರು. ಅವಳು ಅಪ್ಪನ ಕಾಲು ಮುಟ್ಟಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಅವರು ಮುಂದೆ ಹೇಳಲಿಲ್ಲ. ತಡೆಯಲಾರದೆ ಮುಂದಕ್ಕೆ ಬಾಗಿದ.

"ಮಗು ಉಳಿಯಿತೇ, ಅಜ್ಜಾರೇ?"

ಗುರುಗಳು ಉಸಿರು ನೋಡಲು ಹೋಗುವ ಅವನ ಬೆರಳನ್ನು ನೋಡಿದರು.

"ಕುಂಚ ಕೆಳಗಿಡಪ್ಪಾ" ಎಂದರು.