ಕೆಂಚಮ್ಮನ ಹೆಪ್ಪಿನ ಕುಡಿಕೆ

ಒಂದು ಕಾಡಿನಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ, ಪುನುಗುಬೆಕ್ಕು ಪುನುಗಪ್ಪ ಅರಮನೆಯ ಅಡುಗೆಮನೆಗೆ ನುಗ್ಗಿದ. ಒಲೆಯ ಮೇಲಿನ ಬಾಣಲೆಯನ್ನು ಮೂಸಿದ. "ಥೂ! ತಂಗಳು!" ಎಂದು ಕೂಗಿದ.

ಅರಮನೆ ಎಂದರೆ ಒಂದು ದೊಡ್ಡ ಗುಹೆ. ಕಾಡಿನ ದೊರೆ ಕರಡಿರಾಯನದು. ಅಲ್ಲಿ ಅಡುಗೆ ಮಾಡುತ್ತಿದ್ದವಳು ಮುಳ್ಳುಹಂದಿ ಕೆಂಚಮ್ಮ. ಬಾಣಲೆಯಲ್ಲಿ ಇದ್ದದ್ದು ಚಿತ್ರಾನ್ನ. ರಾತ್ರಿ ಮಿಕ್ಕ ಅನ್ನವನ್ನು ಉದುರುದುರಾಗಿ ಬಿಡಿಸಿ, ಸಾಸಿವೆ, ಕಡಲೆಬೀಜ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಬೆರೆಸಿ, ಮೇಲೆ ನಿಂಬೆಹಣ್ಣು ಹಿಂಡಿದ್ದಳು. ಅಷ್ಟೇ. ಅದರ ಘಮಕ್ಕೆ ಮಂಗಗಳು ಮರದಿಂದ ಇಳಿದು ಬಾಗಿಲಲ್ಲಿ ಕೂತಿದ್ದವು.

ಕೆಂಚಮ್ಮನಂಥ ಅಡುಗೆಯವಳು ಆ ಕಾಡಿನಲ್ಲಿ ಇನ್ನೊಬ್ಬಳಿರಲಿಲ್ಲ. ಹುರುಳಿಕಾಳು ಬೇಯಿಸಿದರೆ ಕಾಳು ಪಲ್ಯಕ್ಕೆ, ಬಸಿದ ನೀರು ಸಾರಿಗೆ. ರಾತ್ರಿಯ ಮುದ್ದೆ ಉಳಿದರೆ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹೆಚ್ಚಿ ಹಾಕಿ ಕೊಡುತ್ತಿದ್ದಳು. ಕುಡಿದವರು ಮಧ್ಯಾಹ್ನದವರೆಗೆ ಹಸಿವು ಅನ್ನುತ್ತಿರಲಿಲ್ಲ. ಹೀರೇಕಾಯಿ ಸಿಪ್ಪೆಯನ್ನೂ ಬಿಸಾಡುತ್ತಿರಲಿಲ್ಲ. ಹುರಿದು ಚಟ್ನಿ ಅರೆಯುತ್ತಿದ್ದಳು. ಆ ಚಟ್ನಿಗಾಗಿಯೇ ಕರಡಿರಾಯ ಹೀರೇಕಾಯಿ ತರಿಸುತ್ತಿದ್ದ. ಹಳಸಿದ್ದನ್ನು ಮಾತ್ರ ಅವಳು ಯಾರ ಎಲೆಗೂ ಬಡಿಸಿದವಳಲ್ಲ. ಒಮ್ಮೆ ಮೂಸಿದರೆ ಅವಳಿಗೆ ತಿಳಿಯುತ್ತಿತ್ತು.

ಪುನುಗಪ್ಪ ನೇರವಾಗಿ ಕರಡಿರಾಯನ ಬಳಿ ಓಡಿದ. ಅಲ್ಲಿ ಪಕ್ಕದ ಕಾಡಿನ ನೆಂಟರು ಕೂತಿದ್ದರು. ಬೇಕೆಂದೇ ಅವರ ಮುಂದೆ ದನಿ ಎತ್ತಿದ.

"ಮಹಾಪ್ರಭು, ನಿಮಗೆ ತಿನ್ನಿಸುತ್ತಿರುವುದು ನಿನ್ನೆಯ ಅನ್ನ! ಭಿಕ್ಷುಕನೂ ಮುಟ್ಟುವುದಿಲ್ಲ!"

ನೆಂಟರು ಮುಖ ಮುಖ ನೋಡಿಕೊಂಡರು. ಕರಡಿರಾಯನಿಗೆ ಮುಖಕ್ಕೆ ಹೊಡೆದಂತಾಯಿತು. ಕೆಂಚಮ್ಮನನ್ನು ಕರೆಸಿದ.

"ಇದು ನಿನ್ನೆಯ ಅನ್ನವೇನು, ಕೆಂಚಮ್ಮ?"

"ಹೌದು ದೊರೆ. ನಿನ್ನೆಯ ಅನ್ನ, ಇವತ್ತಿನ ಒಗ್ಗರಣೆ. ನಿಮ್ಮ ಅವ್ವನ ಕಾಲದಿಂದ ಹೀಗೇ ನಡೆದಿದೆ."

"ನೋಡಿದಿರಾ? ಒಪ್ಪಿಕೊಂಡಳು!" ಎಂದು ಪುನುಗಪ್ಪ ಕುಣಿದ. "ಅಡುಗೆಮನೆ ನನಗೆ ಕೊಡಿ. ದಿನಕ್ಕೆ ಹತ್ತು ಬಗೆ. ಎಲ್ಲ ಹೊಸದು. ನಿನ್ನೆಯದು ಒಂದು ಅಗುಳೂ ಇರುವುದಿಲ್ಲ."

ಕರಡಿರಾಯ ನೆಂಟರ ಕಡೆ ನೋಡಿದ. ನೆಲ ನೋಡಿದ. "ಸ್ವಲ್ಪ ದಿನ ಮನೆಯಲ್ಲಿ ಇರು, ಕೆಂಚಮ್ಮ" ಎಂದ.

ಆ ಒಲೆ ಬಿಟ್ಟರೆ ಕೆಂಚಮ್ಮನಿಗೆ ಬೇರೆ ಲೋಕವಿರಲಿಲ್ಲ. ಆದರೂ ಅಳಲಿಲ್ಲ. ತನ್ನ ಸೌಟು ತೆಗೆದುಕೊಂಡಳು. ತಾನೇ ಒಣಗಿಸಿಟ್ಟ ಮಜ್ಜಿಗೆ ಮೆಣಸಿನಕಾಯಿಯ ಡಬ್ಬಿ ತೆಗೆದುಕೊಂಡಳು. ಹೊಸ್ತಿಲಲ್ಲಿ ನಿಂತು ಹೇಳಿದಳು:

"ನೋಡಪ್ಪ, ಮೂಲೆಯಲ್ಲಿ ಒಂದು ಮಣ್ಣಿನ ಕುಡಿಕೆ ಇದೆ. ಅದನ್ನು ಮಾತ್ರ ಖಾಲಿ ಮಾಡಬೇಡ."

"ಏನಿದೆ ಅದರಲ್ಲಿ?"

"ನಿನ್ನೆಯ ಮೊಸರು. ಹೆಪ್ಪಿಗೆ."

"ನಿನ್ನೆಯದೇ? ಹಾಗಾದರೆ ಮೊದಲು ಹೋಗುವುದು ಅದೇ!"

ಕೆಂಚಮ್ಮ ತನ್ನ ಬಿಲಕ್ಕೆ ನಡೆದಳು.

ಮರುದಿನ ಪುನುಗಪ್ಪ ದೊರೆಯ ಹೆಸರಿನಲ್ಲಿ ಡಂಗುರ ಸಾರಿಸಿದ. ಇನ್ನು ಕಾಡಿನ ಯಾವ ಮನೆಯಲ್ಲೂ ನಿನ್ನೆಯ ಪದಾರ್ಥ ಇರಕೂಡದು. ಇದ್ದರೆ ಅರಮನೆಯವರು ಬಂದು ಎತ್ತಿಕೊಂಡು ಹೋಗಿ ಹಳ್ಳಕ್ಕೆ ಸುರಿಯುತ್ತಾರೆ. ಅರಮನೆಯವರು ಎಂದರೆ ಅವನೇ.

ಸಂಜೆಯಾದರೆ ಮನೆಮನೆ ತಿರುಗುತ್ತಿದ್ದ. ಕೋತಿ ಮಂಗಮ್ಮನ ಮನೆಯ ದೋಸೆಹಿಟ್ಟು, ಮೊಲದವರ ಮನೆಯ ಸಾರು, ಅಳಿಲಿನ ಮನೆಯ ಮೊಸರು, ಎಲ್ಲ ಎತ್ತುತ್ತಿದ್ದ. ಮಂಗಮ್ಮ ಕೇಳಿದಳು:

"ಹಿಟ್ಟು ಹುಳಿ ಬರಲಿ ಅಂತಲೇ ಇಟ್ಟಿದ್ದೆ ಕಣಣ್ಣ. ಹುಳಿ ಬರದ ಹಿಟ್ಟಿನಲ್ಲಿ ದೋಸೆ ಹೇಗೆ ಹುಯ್ಯೋದು?"

"ರಾಜಾಜ್ಞೆ ಅಮ್ಮ, ರಾಜಾಜ್ಞೆ. ನಾನು ಬರೀ ಆಳು."

ಆ ಆಳು ಹಳ್ಳದ ಕಡೆ ಒಂದು ದಿನವೂ ಹೋಗಲಿಲ್ಲ. ಹಳೇ ಆಲದ ಮರದಲ್ಲಿ ಅವನ ಪೊಟರೆ ಇತ್ತು. ಎಲ್ಲ ಅಲ್ಲಿಗೆ ಹೊತ್ತು ತಿನ್ನುತ್ತಿದ್ದ. ಕೆಂಚಮ್ಮನ ಹೆಪ್ಪಿನ ಕುಡಿಕೆಯನ್ನು ಮೊದಲ ದಿನವೇ ನೆಕ್ಕಿ ಮುಗಿಸಿದ್ದ. ಕಾಡಿನಲ್ಲಿ ಅಷ್ಟು ಗಟ್ಟಿ ಮೊಸರು ಅವನು ಹಿಂದೆ ತಿಂದಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಅರಮನೆಯಲ್ಲಿ ಎರಡು ದಿನ ಭರ್ಜರಿ ಊಟವಾಯಿತು. ಹತ್ತು ಬಗೆ ಎಂದರೆ ಹತ್ತು ಬಗೆ. ಎಲ್ಲಕ್ಕೂ ಎಣ್ಣೆ, ಎಲ್ಲಕ್ಕೂ ಮಸಾಲೆ. ಬೇಕಾದ್ದಕ್ಕಿಂತ ಮೂರು ಪಟ್ಟು ಮಾಡುತ್ತಿದ್ದ. ಮಿಕ್ಕಷ್ಟೂ ಪೊಟರೆಗೆ ಲಾಭ. ನೆಂಟರು ಹೊಗಳಿ ಹೊರಟುಹೋದರು.

ಮೂರನೆಯ ದಿನ ಕರಡಿರಾಯನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಹತ್ತು ಬಗೆಯನ್ನೂ ದೂರ ತಳ್ಳಿದ.

"ಏನೂ ಬೇಡ. ಒಂದು ಹಿಡಿ ಮೊಸರನ್ನ ಕೊಡು."

"ಈಗಲೇ ತಂದೆ, ಮಹಾಪ್ರಭು!"

ಮೊಸರು ಇರಲಿಲ್ಲ. ಪುನುಗಪ್ಪ ಕಾಡೆಮ್ಮೆ ಗೌರಕ್ಕ ತಂದುಕೊಟ್ಟ ಹಾಲು ಕಾಯಿಸಿ ಬೆಳ್ಳಿಯ ಬಟ್ಟಲಿಗೆ ಹುಯ್ದ. ಮುಚ್ಚಿದ. ಮೊಸರು ತಾನಾಗಿ ಆಗುತ್ತದೆ ಎಂದುಕೊಂಡಿದ್ದ. ಮರುದಿನ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಅದರ ಮರುದಿನ ನೋಡಿದರೆ ಒಡೆದು ನಾರುತ್ತಿತ್ತು.

ಕೆಂಚಮ್ಮ ಹೇಳಿದ್ದ ಹೆಪ್ಪು ಆಗ ನೆನಪಾಯಿತು. ಅದನ್ನು ಕೇಳಿಕೊಂಡು ಮಂಗಮ್ಮನ ಮನೆಗೆ ಓಡಿದ.

"ಒಂದು ಚಮಚ ಹೆಪ್ಪು ಕೊಡಮ್ಮ, ಪುಣ್ಯ ಬರುತ್ತೆ."

ಮಂಗಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಹೆಪ್ಪು ಅಂದರೆ ನಿನ್ನೆಯ ಮೊಸರಲ್ಲವೇನಣ್ಣ? ಅದು ನಮ್ಮನೇಲಿ ಇರಕೂಡದು ಅಂತ ಯಾರೋ ಡಂಗುರ ಸಾರಿಸಿದ್ದರಲ್ಲ!"

ಒಳಗೆ ಮರಿಗಳೆಲ್ಲ ಕಿಸಕ್ಕೆಂದವು. ಮೊಲದವರ ಮನೆಯಲ್ಲೂ ಇಲ್ಲ. ಅಳಿಲಿನ ಮನೆಯಲ್ಲೂ ಇಲ್ಲ. ಇಡೀ ಕಾಡಿನಲ್ಲಿ ಒಂದು ತೊಟ್ಟು ಮೊಸರು ಉಳಿದಿರಲಿಲ್ಲ.

ಪುನುಗಪ್ಪ ಬರಿಗೈಯಲ್ಲಿ ಬಂದು ಕರಡಿರಾಯನಿಗೆ ಕೈಮುಗಿದ. "ತಪ್ಪು ನನ್ನದಲ್ಲ, ಮಹಾಪ್ರಭು. ಹಾಲೇ ಕೆಟ್ಟದ್ದು. ಆ ಕಾಡೆಮ್ಮೆ ನೀರು ಬೆರೆಸುತ್ತಾಳೆ."

ಕಾಡೆಮ್ಮೆ ಗೌರಕ್ಕ ಹಾಲಿನ ಕೊಡ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಪುನುಗಪ್ಪ ಅವಳನ್ನು ನೋಡಿದವನೇ ಹಿಂಬಾಗಿಲಿನಿಂದ ಓಟ ಕಿತ್ತ.

"ನನ್ನ ಹಾಲಿಗೆ ಹೆಸರಿಡುತ್ತೀಯೇನೋ? ನಿಲ್ಲೋ!" ಎಂದು ಗೌರಕ್ಕ ಬೆನ್ನಟ್ಟಿದಳು.

ಪುನುಗಪ್ಪ ಪೊಟರೆಗೆ ಹಾರಿದ. ತಲೆ ಒಳಗೆ ಹೋಯಿತು. ಮುಂಗಾಲು ಹೋದವು. ಹೊಟ್ಟೆ ಹೋಗಲಿಲ್ಲ. ಐದು ದಿನದ ಕದ್ದ ಊಟ ಅದರಲ್ಲಿತ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಾಲ ಮಾತ್ರ ಹೊರಗೆ ಬಡಿದುಕೊಳ್ಳುತ್ತಿತ್ತು.

ಗೌರಕ್ಕ ಅಕ್ಕಪಕ್ಕದವರನ್ನು ಕೂಗಿದಳು. ಎಲ್ಲರೂ ಸೇರಿ ಬಾಲ ಹಿಡಿದು ಎಳೆದರು. ಪುನುಗಪ್ಪ ಹೊರಬಿದ್ದ. ಅವನ ಹಿಂದೆಯೇ ಪಾತ್ರೆಗಳು ಉರುಳಿದವು. ಮಂಗಮ್ಮನ ಹಿಟ್ಟಿನ ಪಾತ್ರೆ, ಮೊಲದವರ ಸಾರಿನ ಚೆಂಬು, ಅಳಿಲಿನ ಬಟ್ಟಲು. ಕೊನೆಗೆ ಕೆಂಚಮ್ಮನ ಮಣ್ಣಿನ ಕುಡಿಕೆ. ಒಂದು ಕಲೆಯೂ ಇಲ್ಲದಂತೆ ನೆಕ್ಕಿದ್ದ.

"ಹಳ್ಳ ಇಲ್ಲಿದೆ ನೋಡ್ರಪ್ಪ!" ಎಂದು ಮಂಗಮ್ಮ ಅವನ ಹೊಟ್ಟೆ ತೋರಿಸಿದಳು.

ಸುದ್ದಿ ಕೇಳಿದ ಕರಡಿರಾಯ ಯಾರನ್ನೂ ಕಳಿಸಲಿಲ್ಲ. ತಾನೇ ಹೊಟ್ಟೆ ಹಿಡಿದುಕೊಂಡು, ಮರ ಮರ ಆತುಕೊಂಡು, ಕೆಂಚಮ್ಮನ ಬಿಲದವರೆಗೆ ನಡೆದ.

"ಮೂರು ದಿನದಿಂದ ಅನ್ನ ಇಳಿದಿಲ್ಲ, ಕೆಂಚಮ್ಮ. ನಾಲ್ಕು ಜನ ನೋಡಿದರು ಅಂತ ನಿನ್ನನ್ನು ಕಳಿಸಿಬಿಟ್ಟೆ. ತಪ್ಪಾಯಿತು. ಬಾ."

ಕೆಂಚಮ್ಮ ಕುಡಿಕೆ ಎಲ್ಲಿ ಎಂದು ಕೇಳಿದಳು. ಖಾಲಿ ಎಂದು ತಿಳಿಯಿತು. ಆಮೇಲೆ ಸೌಟು ತೆಗೆದುಕೊಂಡಳು. ಡಬ್ಬಿಯನ್ನೂ ತೆಗೆದುಕೊಂಡಳು.

ಗೌರಕ್ಕನ ಹಾಲು ಕಾಯಿಸಿದಳು. ಬೆರಳು ತಾಳುವಷ್ಟು ಆರಲು ಬಿಟ್ಟಳು. ಡಬ್ಬಿಯಿಂದ ನಾಲ್ಕು ಮಜ್ಜಿಗೆ ಮೆಣಸಿನಕಾಯಿ ತೆಗೆದು, ಅವುಗಳ ತೊಟ್ಟು ಮಾತ್ರ ಮುರಿದು ಹಾಲಿಗೆ ಹಾಕಿದಳು.

ಕರಡಿರಾಯ ಇಣುಕಿದ. "ಖಾರ ಆಗುವುದಿಲ್ಲವೇನು?"

"ತೊಟ್ಟಿಗೆ ಖಾರ ಎಲ್ಲಿಯದು, ದೊರೆ? ಬೇಸಿಗೆಯಲ್ಲಿ ಹುಳಿ ಮಜ್ಜಿಗೆ ಮಿಕ್ಕಿತ್ತು. ಚೆಲ್ಲಲು ಮನಸ್ಸು ಬರಲಿಲ್ಲ. ಮೆಣಸಿನಕಾಯಿ ಊರಹಾಕಿ ಒಣಗಿಸಿದೆ. ಆ ಮಜ್ಜಿಗೆ ಇನ್ನೂ ಇದರಲ್ಲಿದೆ. ಇವತ್ತು ನೀರಾಗಿ ಕೂರುತ್ತೆ. ನಾಳೆ ಗಟ್ಟಿಯಾಗುತ್ತೆ."

ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕದಲ್ಲಿಟ್ಟಳು. ಅಂದು ಕರಡಿರಾಯನಿಗೆ ಬರೀ ಗಂಜಿ ಕೊಟ್ಟಳು. ಮರುದಿನ ನೀರು ನೀರಾದ ಮೊಸರಾಗಿತ್ತು. ಅದರಲ್ಲೇ ಒಂದು ಚಮಚ ತೆಗೆದು ಹೊಸ ಹಾಲಿಗೆ ಹೆಪ್ಪು ಹಾಕಿದಳು. ಅದರ ಮರುದಿನ ಪಾತ್ರೆ ಓರೆ ಮಾಡಿದರೂ ಮೊಸರು ಅಲುಗಲಿಲ್ಲ.

ರಾತ್ರಿಯ ಅನ್ನ ಒಂದಿಷ್ಟು ಉಳಿದಿತ್ತು. ಮೃದುವಾಗಿ ಕಿವುಚಿದಳು. ಮೊಸರು, ಉಪ್ಪು, ಚೂರು ಶುಂಠಿ ಹಾಕಿ ಕಲಸಿದಳು. ಮೇಲೆ ಸಾಸಿವೆ, ಕರಿಬೇವು ಚಟಪಟ ಅನ್ನಿಸಿದಳು. ಕರಡಿರಾಯ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ. ಎಲೆ ಖಾಲಿಯಾಗುವವರೆಗೆ ತೆರೆಯಲಿಲ್ಲ.

"ನಿನ್ನೆಯ ಅನ್ನ ತಾನೇ?" ಎಂದು ಕೇಳಿದ.

"ನಿನ್ನೆಯದೇ."

"ಇನ್ನೊಂದು ಹಿಡಿ ಹಾಕು."

ಅಂದು ಕಾಡಿನ ಮನೆಮನೆಯವರೂ ಬಟ್ಟಲು ಹಿಡಿದು ಬಂದರು. ಕೆಂಚಮ್ಮ ಒಬ್ಬೊಬ್ಬರಿಗೂ ಒಂದು ಚಮಚ ಹೆಪ್ಪು ಕೊಟ್ಟಳು. ಕೊನೆಗೆ ಪುನುಗಪ್ಪ ಹೊಟ್ಟೆನೋವಿನಿಂದ ನರಳುತ್ತ ಬಂದ. ಅವನಿಗೂ ಒಂದು ಲೋಟ ನೀರು ಮಜ್ಜಿಗೆ ಕೊಟ್ಟಳು.

"ಇವನಿಗೇನು ಶಿಕ್ಷೆ ಕೊಡಲಿ?" ಎಂದು ಕರಡಿರಾಯ ಕೇಳಿದ.

"ಪಾತ್ರೆ ಚೆನ್ನಾಗಿ ನೆಕ್ಕುತ್ತಾನೆ, ದೊರೆ. ತೊಳೆಯುವುದನ್ನೂ ಕಲಿಯಲಿ."

ಪುನುಗಪ್ಪ ಕದ್ದ ಪಾತ್ರೆಗಳನ್ನೆಲ್ಲ ತೊಳೆದು ಮನೆಮನೆಗೆ ತಲುಪಿಸಿದ. ಮಣ್ಣಿನ ಕುಡಿಕೆ ಮತ್ತೆ ಅಡುಗೆಮನೆಯ ಮೂಲೆ ಸೇರಿತು. ಒಲೆಯ ಮುಂದೆ ಕೆಂಚಮ್ಮ ಕೂತಳು. ಹಿತ್ತಲಲ್ಲಿ ಪುನುಗಪ್ಪ ಬಾಣಲೆ ತಿಕ್ಕುತ್ತಿದ್ದ.

ನೀತಿ: ಮಿಕ್ಕದ್ದನ್ನು ಹದವರಿತು ಬಳಸುವವರಿಂದ ಮನೆ ನಡೆಯುತ್ತದೆ. ಅದನ್ನು ಹಳಿದು ತಾನೇ ಕದ್ದು ತಿನ್ನುವವನು ತನ್ನ ಹೊಟ್ಟೆಯಿಂದಲೇ ಸಿಕ್ಕಿಬೀಳುತ್ತಾನೆ.