ಬೀಗದ ಕೈ, ಬೀಗರ ಕೈ

ಮನೇಲೇ ಮಾಡ್ಕೋಬಹುದಲ್ಲ ಅಂತೀರಲ್ಲ, ಮಾಡ್ಕೋಬಹುದು, ಯಾರು ಬೇಡ ಅಂದ್ರು? ಅರ ಇದೆ, ಸುತ್ತಿಗೆ ಇದೆ, ಕಬ್ಬಿಣದ ಚೂರಿಗೇನು ಬರವೇ? ಆದ್ರೂ ನಾನು ಈ ಜಗಲಿ ಮೇಲೆ ಹೀಗೇ ಕೂತಿರ್ತೀನಿ. ನಮ್ಮನೆಯವಳು ಸಂತೆಯಿಂದ ಬಂದು ಬಾಗಿಲು ತೆಗೀಲಿ. ಬೀಗದ ಕೈ ಇವಳ ಸೊಂಟದಲ್ಲಿದೆ. ಇನ್ನೊಂದು ನಾನೇ ಮಾಡ್ಕೊಳ್ಳೋದು ಯಾಕೆ ಬೇಡ ಅಂತ ಮಾತ್ರ ಕೇಳಬೇಡಿ. ಕೇಳಿದ್ರೆ ಚೌಡಣ್ಣನ ಕಥೆ ಹೇಳಬೇಕಾಗುತ್ತೆ. ಕೇಳೇಬಿಟ್ರಾ? ಸರಿ, ಹೂಂಗುಟ್ಟಿ ಹಂಗಾದ್ರೆ.

ಒಂದಾನೊಂದು ಊರಲ್ಲಿ ಚೌಡಣ್ಣ ಅಂತ ಒಬ್ಬ ಒಕ್ಕಲಿನೋನು ಇದ್ದನಂತೆ. ಕಮ್ಮಾರ ಅಲ್ಲ. ಆದ್ರೆ ಹಿತ್ತಲಲ್ಲಿ ಒಂದು ಕುಲುಮೆ, ಒಂದು ತಿದಿ, ಒಂದು ಅಡಿಗಲ್ಲು ಇಟ್ಕೊಂಡಿದ್ದನಂತೆ. ಮನೇಲಿ ಏನು ಮುರಿದ್ರೂ, "ಕಮ್ಮಾರ ಯಾಕೆ, ನಾನಿಲ್ವಾ?" ಅನ್ನೋನು. ಅವನು ಸರಿಮಾಡಿದ ನೇಗಿಲು ಹೊಲ ಬಿಟ್ಟು ಬದುವನ್ನೇ ಉಳ್ತಿತ್ತಂತೆ. ಅವನು ತಟ್ಟಿದ ಕುಡುಗೋಲು ಹುಲ್ಲೊಂದು ಬಿಟ್ಟು ಮಿಕ್ಕಿದ್ದೆಲ್ಲ ಕುಯ್ತಿತ್ತಂತೆ. ಅವನ ಹೆಂಡತಿ ನಿಂಗಾಜಮ್ಮ ಅದೇ ಕುಡುಗೋಲಲ್ಲಿ ಕುಂಬಳಕಾಯಿ ಹೆಚ್ಚಿಕೊಂಡು ಸಂಸಾರ ತೂಗಿಸ್ತಿದ್ಲು.

ಅವರಿಗೆ ಒಬ್ಬಳೇ ಮಗಳು, ಚೆಲುವಿ. ಪಕ್ಕದೂರಿನ ತಿಬ್ಬೇಗೌಡನ ಮಗನ್ನ ಅವಳು ಒಂದ್ಸಲ ಕೆರೆ ಏರಿ ಮೇಲೆ ನೋಡಿದ್ಲಂತೆ. ಮದುವೆ ಆದ್ರೆ ಅವನನ್ನೇ ಆಗ್ತೀನಿ, ಇಲ್ಲದಿದ್ರೆ ಹಿಂಗೇ ಇದ್ಬಿಡ್ತೀನಿ ಅಂತ ಕೂತ್ಲು. ಸರಿ, ತಿಬ್ಬೇಗೌಡ ಹೆಂಡತಿ ಸಮೇತ ಹೆಣ್ಣು ನೋಡಕ್ಕೆ ಬಂದ. ನೋಡಿದ, ಒಪ್ಪಿದ, ಆದ್ರೆ ಒಂದು ಮಾತು ಅಂದ: "ನೋಡಪ್ಪ ಚೌಡಣ್ಣ, ನಾಳೆಯಿಂದ ಆಷಾಢ. ಇವತ್ತು ಹೊತ್ತು ಮುಳುಗೋದ್ರೊಳಗೆ ವೀಳ್ಯ ಬದಲಾಯಿಸ್ಬೇಕು. ಇಲ್ಲದಿದ್ರೆ ಇನ್ನೊಂದೂರಲ್ಲಿ ಇನ್ನೊಂದು ಹೆಣ್ಣು ಕಾಯ್ತಾ ಅವಳೆ."

"ಹೊತ್ತು ಬೇಕಾದಷ್ಟದೆ ಗೌಡ್ರೆ, ಊಟ ಮಾಡಿ ಒಂದು ಗಳಿಗೆ ಕಾಲು ಚಾಚಿ" ಅಂದ ಚೌಡಣ್ಣ.

ಗಂಡ ಹೆಂಡತಿ ಹೋಳಿಗೆ ಉಂಡು ಕೋಣೇಲಿ ಮಲಗಿದ್ರು. ಅದೇ ಕೋಣೇಲಿ ನೆಲುವಿನ ಮೇಲೆ ಮೊಸರಿನ ಗಡಿಗೆ ಇತ್ತು. "ಬೆಕ್ಕು ನುಗ್ಗೀತು, ಬಾಗಿಲು ಮುಂದಕ್ಕೆ ಹಾಕಿ" ಅಂದ್ಲು ನಿಂಗಾಜಮ್ಮ. ಚೌಡಣ್ಣ ಬಾಗಿಲು ಹಾಕಿದ, ಚಿಲಕ ಹಾಕಿದ. ಕೈ ರೂಢಿ ನೋಡಿ, ಬೀಗಾನೂ ಜಡಿದ. ಆಮೇಲೆ ಕೈ ತೊಳೆಯಕ್ಕೆ ಅಂತ ಬಾವಿಗೆ ಬಗ್ಗಿದ. ಉಡಿದಾರಕ್ಕೆ ಸಿಗಿಸಿದ್ದ ಬೀಗದ ಕೈ, ಅದನ್ನ ಕೋದಿದ್ದ ಕಬ್ಬಿಣದ ಬಳೆ ಸಮೇತ, ಗುಳುಂ ಅಂತು.

ಹೂಂ ಅನ್ನಿ.

ಒಳಗಿಂದ ತಿಬ್ಬೇಗೌಡ ಎದ್ದು ಬಾಗಿಲು ತಟ್ಟಿದ. "ಬೀಗದ ಕೈ ಬಾವಿಗೆ ಬಿತ್ತು ಗೌಡ್ರೆ. ಚಿಂತೆ ಇಲ್ಲ, ನಾನಿಲ್ವಾ? ಈಗ ಒಂದು ಹೊಸಾದು ಮಾಡಿಬಿಡ್ತೀನಿ" ಅಂದ ಚೌಡಣ್ಣ.

"ರೀ, ನಾನೊಂದು ಮಾತು ಹೇಳ್ಲಾ?" ಅಂದ್ಲು ನಿಂಗಾಜಮ್ಮ.

"ನೀನು ಸುಮ್ನಿರು, ನಾನಿಲ್ವಾ?"

ಚೌಡಣ್ಣ ಬಿಸಿ ಮುದ್ದೆ ಮುರಿದು ಬೀಗದ ತೂತಿಗೆ ತುರುಕಿದ, ಅಚ್ಚು ತೆಗೆಯಕ್ಕೆ. ಅರ್ಧ ಅಚ್ಚು ಬಂತು, ಅರ್ಧ ಮುದ್ದೆ ಒಳಗೇ ಉಳೀತು. ಕಬ್ಬಿಣಕ್ಕೆ ಅಂತ ಅಟ್ಟ ಹತ್ತಿ ತಡಕಾಡ್ದ. ಕೊಂಡಿ ಕೊಂಡಿಯಾಗಿ ಗೊಂಚಲು ಕಟ್ಟಿದ್ದ ಒಂದು ಹಳೇ ಕಬ್ಬಿಣ ಸಿಕ್ತು. ಏನದು, ಯಾತಕ್ಕೆ ಇಟ್ಟಿದ್ರು ಅಂತ ಯೋಚನೆ ಮಾಡಕ್ಕೆ ಹೊತ್ತೆಲ್ಲಿ? ಒಂದು ಕೊಂಡಿ ಮುರಿದ. ಕಾಯಿಸಿದ, ಬಡಿದ, ಅರದಲ್ಲಿ ಉಜ್ಜಿದ. ಬೀಗದ ಕೈ ಆಯ್ತು. ಬೀಗಕ್ಕೆ ಹಾಕಿ, ಒಳಗೆ ಹೋಗದಿದ್ದಕ್ಕೆ ಸುತ್ತಿಗೇಲಿ ಎರಡು ಕೊಟ್ಟು ತಿರುವಿದ. ಕರ್ರ್ ಅಂತು. ಬೀಗ ತೆಗೀಲಿಲ್ಲ. ಬೇಲಿ ಆಚೆ ಬಿಸಾಕ್ದ.

ಅದನ್ನ ಪಕ್ಕದ ಮನೆ ಸಂಕವ್ವ ಎತ್ಕೊಂಡ್ಲಂತೆ. ಅವಳ ಅತ್ತೆ ಸಾಯೋವಾಗ ಪೆಟ್ಟಿಗೆ ಬೀಗದ ಕೈ ಎಲ್ಲಿದೆ ಅಂತ ಹೇಳದೆ ಸತ್ತಿದ್ಲು. ಸುಮ್ನೆ ಹಾಕಿ ನೋಡಿದ್ಲು, ತಟಕ್ಕನೆ ತೆಗೆದ್ಕೊಂಡ್ತು. ಒಳಗೆ ಅತ್ತೆಯ ಇನ್ನೊಂದು ಪೆಟ್ಟಿಗೆ ಇತ್ತು. ಅದಕ್ಕೂ ಬೀಗ.

"ರೀ, ನಾನೊಂದು ಮಾತು ಹೇಳ್ಲಾ?"

"ನೀನು ಸುಮ್ನಿರು, ನಾನಿಲ್ವಾ?"

ಎರಡನೇ ಕೊಂಡಿ ಮುರಿದ. ಕಾಯಿಸಿದ, ಬಡಿದ, ಉಜ್ಜಿದ. ಹಾಕಿ ತಿರುವಿದ. ಕರ್ರ್ ಕರ್ರ್ ಅಂತು. ತೆಗೀಲಿಲ್ಲ. ಬಿಸಾಕ್ದ. ಅದನ್ನ ಊರ ಪಟೇಲ ಎತ್ಕೊಂಡು ಕಿವಿ ಕೆರ್ಕೊಂಡನಂತೆ. ಪಟೇಲ ಮದುವೆಯಾದ ವರ್ಷವೇ ಹೆಂಡತಿ ಮೇಲೆ ಮುನಿಸ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡಿದ್ದೋನು. ಕಿವಿಯೊಳಗೆ ಕಳಕ್ ಅಂತು, ಮಾತು ಶುರುವಾಯ್ತು. ಅಷ್ಟು ವರ್ಷದ ಸಾರಿಗೆ ಉಪ್ಪು ಕಮ್ಮಿ ಆಗಿದ್ದನ್ನೆಲ್ಲ ಒಂದೊಂದೇ ಹೇಳಕ್ಕೆ ಹಿಡಿದ. ಪಟೇಲನ ಹೆಂಡತಿ ಓಡಿ ಬಂದ್ಲು.

"ಚೌಡಣ್ಣ, ಈ ಬೀಗದ ಕೈಲಿ ತಿರುಗಾ ಹಾಕಕ್ಕೂ ಬರುತ್ತಾ?"

"ಇರವ್ವ, ಒಳಗೆ ಬೀಗರು ಅವರೆ."

ಹೊತ್ತು ತೆಂಗಿನ ಮರದ ನೆತ್ತಿಗೆ ಇಳೀತು. ಚೆಲುವಿ ಹೊಸ ಸೀರೆ ಉಟ್ಕೊಂಡು ಕೋಣೆ ಬಾಗಿಲ ಮುಂದೆ ಕೂತು ಮೂಗು ಒರೆಸ್ಕೊಳ್ತಿದ್ಲು. ಬೀಗದ ತೂತಿನ ಮುದ್ದೆಗೆ ಇರುವೆ ಸಾಲು ಹತ್ತಿತ್ತು. ಚೌಡಣ್ಣ ಮೂರನೇದು ಮಾಡಿದ. ಅದೂ ತೆಗೀಲಿಲ್ಲ. ಬಿಸಾಕ್ದ. ಅದನ್ನ ಕಾಗೆ ಕಚ್ಕೊಂಡು ಹೋಗಿ ಅರಮನೆ ಅಂಗಳದಲ್ಲಿ ಬೀಳಿಸ್ತಂತೆ. ಬಿದ್ದ ಸದ್ದಿಗೇ ಖಜಾನೆ ಬಾಗಿಲು ತಾನಾಗೇ ತೆಗೆದ್ಕೊಂಡು ನಿಂತ್ಕೊಂಡ್ತಂತೆ.

ರಾಜ ಕತ್ತಿ ಹಿಡ್ಕೊಂಡು ಕಾಗೆ ಬಂದ ದಿಕ್ಕಿಗೆ ಕುದುರೆ ಬಿಟ್ಟ. ಹಿತ್ತಲಿಗೇ ಬಂದ.

"ನನ್ನ ಖಜಾನೆ ತೆಗೆದೋನು ಯಾರೋ?"

"ನಾನೇ ಬುದ್ಧಿ. ಅದು ಸಲೀಸಾಗಿ ಬಂದ್ಬಿಡ್ತು. ಈ ಕೋಣೇದೇ ಬರ್ತಾ ಇಲ್ಲ."

"ಕೋಣೇಲಿ ಏನಿದೆ?"

"ಬೀಗರು ಬುದ್ಧಿ. ಇನ್ನೂ ಆಗಿಲ್ಲ, ಆಗೋರು."

ರಾಜನಿಗೂ ಬೀಗರಿದ್ರು. ಕತ್ತಿ ಕೆಳಗಿಟ್ಟ. "ಬೀಗರನ್ನ ಒಳಗೆ ಹಾಕಿ ಬೀಗ ಜಡಿದಿದೀಯಾ? ಇಂಥ ಧೈರ್ಯ ನನಗೇ ಬರಲಿಲ್ಲವಲ್ಲೋ" ಅಂತ ಒರಳುಕಲ್ಲಿನ ಮೇಲೆ ಕೂತ, ಮುಂದೇನಾಗುತ್ತೆ ನೋಡೋಣ ಅಂತ.

"ರೀ, ನಾನೊಂದು ಮಾತು..."

"ರಾಜರೇ ಕೂತವ್ರೆ, ಸುಮ್ನಿರೇ!"

ನಾಲ್ಕನೇ ಕೊಂಡಿ ಮುರಿದ. ಅಷ್ಟು ಹೊತ್ತಿಗೆ ಬೀಗದ ಒಳಗಿನ ಹಲ್ಲೆಲ್ಲ ಸವೆದು ಹೋಗಿತ್ತು. ನಾಲ್ಕನೇ ಬೀಗದ ಕೈ ಹಾಕಿ ತಿರುವಿದ್ರೆ ಗಾಣದ ಎತ್ತಿನ ಹಾಗೆ ಸುಮ್ನೆ ಗಿರಗಿರ ತಿರುಗ್ತು. "ಇದೂ ಅಲ್ಲ" ಅಂದ್ಕೊಂಡು ಅದನ್ನೂ ಬಿಸಾಕ್ದ. ಬೀಗಾನ ಒಂದ್ಸಲ ಎಳೆದು ನೋಡೋಣ ಅಂತ ಅವನಿಗೂ ಹೊಳೀಲಿಲ್ಲ, ರಾಜನಿಗೂ ಹೊಳೀಲಿಲ್ಲ.

ಹೊತ್ತು ಇನ್ನೇನು ಬೆರಳಗಲ ಉಳಿದಿತ್ತು. ಒಳಗೆ ತಿಬ್ಬೇಗೌಡನಿಗೆ ನೆತ್ತಿಗೇರಿತು. "ಅಯ್ಯೋ ಮನೆಹಾಳ, ನಿನ್ನ ಜುಟ್ಟು ಕೈಗೆ ಸಿಗಲಿ!" ಅಂತ ಬಾಗಿಲ ಪಕ್ಕದ ಕಿಟಕಿ ಸರಳಿನ ಸಂದಿಯಿಂದ ಕೈ ಚಾಚಿದ. ಚೌಡಣ್ಣ ಬಗ್ಗಿದ. ಜುಟ್ಟು ತಪ್ಪಿತು, ಬೀಗ ಸಿಕ್ತು. ಸಿಟ್ಟಲ್ಲಿ ಎಳೆದ. ಬೀಗ ಮಾಗಿದ ಹಣ್ಣಿನ ಹಾಗೆ ಕೈಗೇ ಬಂತು.



"ನಾಲ್ಕು ಬೀಗದ ಕೈಲಿ ಆಗದ್ದು ಬೀಗರ ಕೈಲಿ ಆಯ್ತು ಬುದ್ಧಿ!" ಅಂತ ಕೂಗಿದ ಚೌಡಣ್ಣ.

ರಾಜ ಎದ್ದು ನಿಂತು, "ಭಲೇ ಗೌಡ! ನನ್ನ ಖಜಾನೆ ತೆಗೆದೋನಿಗೂ ಬಗ್ಗದ ಬೀಗಾನ ಬರಿಗೈಲಿ ಕಿತ್ತೆಯಲ್ಲೋ" ಅಂದ. ತಿಬ್ಬೇಗೌಡ ಬಯ್ಯಕ್ಕೆ ಅಂತ ಬಾಯಿ ತೆಗೆದಿದ್ದ. ರಾಜನ ಬಾಯಲ್ಲಿ ಭಲೇ ಕೇಳಿ ಅದನ್ನ ಹಾಗೇ ಮುಚ್ಚಿದ. ಎದೆ ಉಬ್ಬಿತು, ಮೀಸೆ ಮೇಲಕ್ಕೆದ್ದಿತು, ಬೀಗಿದ. ಬೀಗಿ ಬೀಗಿ ಬಾಗಿಲಲ್ಲಿ ಹಿಡಿಸದೆ ಅಡ್ಡಡ್ಡ ಈಚೆ ಬಂದನಂತೆ. "ಹೆಣ್ಣು ನಮ್ಮದು, ತತ್ತಾರೋ ವೀಳ್ಯ!" ಅಂದ. ಹೊತ್ತು ಮುಳುಗೋಕೆ ಮುಂಚೆ ವೀಳ್ಯ ಬದಲಾಯ್ತು. ಚೆಲುವಿ ಮೂಗು ಒರೆಸ್ಕೊಳ್ಳೋದು ನಿಲ್ಲಿಸಿದ್ಲು. ತಿಬ್ಬೇಗೌಡನ ಹೆಂಡತಿ ಸೆರಗಲ್ಲಿ ಬಾಯಿ ಒರೆಸ್ಕೊಳ್ತಾ ಈಚೆ ಬಂದ್ಲು. ಒಳಗೆ ಮೊಸರಿನ ಗಡಿಗೆ ಖಾಲಿಯಾಗಿತ್ತಂತೆ.

ಹೋಗೋವಾಗ ರಾಜ ಒಂದು ಅಪ್ಪಣೆ ಕೊಟ್ಟ: "ಖಜಾನೆ ಬೀಗದ ಕೈ ಇನ್ಮೇಲೆ ಚೌಡಣ್ಣನೇ ಮಾಡಲಿ. ಖಜಾನೆಗೆ ಅಂತಲೇ ಇವನು ಮಾಡಿದ್ರೆ ಅದು ಖಜಾನೆ ಒಂದನ್ನ ಮಾತ್ರ ತೆಗೆಯಲ್ಲ. ಇದಕ್ಕಿಂತ ಕಾವಲು ಇನ್ನೇನು ಬೇಕು?"

ಅಲ್ಲಿಗೆ ಬಾಗಿಲು ತೆಗೀತು, ಕಥೆ ಮುಚ್ಚಿತು. ಅವರು ಬೀಗರಾಗಿ ಒಳಗೆ ಹೋದ್ರು, ನಾವು ಬೀಗ ನೋಡ್ಕೊಂಡು ಹೊರಗೆ ಕೂತ್ವಿ.

ಬೀಗರನ್ನ ಊರಾಚೆ ತನಕ ಕಳಿಸಿ ಬಂದು ಚೌಡಣ್ಣ ಕಾಲು ತೊಳ್ಕೊಳ್ತಿದ್ದಾಗ ನಿಂಗಾಜಮ್ಮ ಅಂದ್ಲಂತೆ: "ಈಗಲಾದ್ರೂ ಹೇಳ್ಲಾ? ಬಾವಿಗೆ ಬಿದ್ದಿದ್ದನ್ನ ಎತ್ತಕ್ಕೆ ಅಂತ ನಮ್ಮಪ್ಪ ಕೊಟ್ಟ ಪಾತಾಳಗರಡಿ ಅಟ್ಟದ ಮೇಲಿತ್ತು, ಅದನ್ನ ಇಳಿಬಿಡಿ ಅಂತ ಹೇಳೋಣ ಅಂತಿದ್ದೆ. ಹೋಗಲಿ ಬಿಡಿ, ಅದರಲ್ಲಿ ಇನ್ನೂ ಒಂದು ಕೊಂಡಿ ಉಳಿದದೆ. ನಾಳೆ ನಾನೇ ಎತ್ಕೋತೀನಿ, ನೀವು ಬಾವಿ ಕಡೆ ಬರಬೇಡಿ."